ಬೆರೆಸುವವರ ಜಗಳ, ಬೇರ್ಪಡಿಸುವವರ ಪಾಡು

ಪುಣೆಯ ವಾಘೋಲಿ ಕಡೆಯ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಕಳೆದ ತಿಂಗಳು ನಮ್ಮ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂದಿತು. ಸರ್ಕಾರಗಳು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿ ಜನರ ಬುದ್ಧಿಯನ್ನು ಮಂಕಾಗಿಸುತ್ತಿವೆ ಎಂಬುದು ಅದರ ಸಾರ. ಅದನ್ನು ನೋಡಿ, ಹಲ್ಲುಜ್ಜುವ ಪೇಸ್ಟಿನಲ್ಲೂ ಅದೇ ಫ್ಲೋರೈಡ್ ಇದೆಯಲ್ಲ ಎಂದು ಗಾಬರಿಯಾದ ಧಾರವಾಡದ ಹಿರಿಯರೊಬ್ಬರು ಲಿಫ್ಟಿನ ಬಳಿ ನನ್ನನ್ನು ತಡೆದು, ‘ಹಂಗಾದ್ರ ಮಮ್ಮಕ್ಕಳಿಗೆ ಪೇಸ್ಟ್ ಬಿಡಿಸೂದ ಛಲೋ ಅಲ್ಲೇನ್ರಿ?’ ಎಂದು ಕೇಳಿದರು. ಪೇಸ್ಟಿನ ಬಗ್ಗೆ ಇಷ್ಟು ಚಿಂತಿಸಿದ ನಾವು ಯಾರೂ, ಬೇಸಿಗೆಯುದ್ದಕ್ಕೂ ನಮ್ಮ ಸಂಪಿಗೆ ಸುರಿಯುವ ಟ್ಯಾಂಕರ್ ನೀರು ಯಾವ ಕೊಳವೆಬಾವಿಯದು ಎಂದು ಕೇಳಿರಲಿಲ್ಲ.

ನಾನು ಪಾವಗಡದ ಕಡೆಯವನು. ಫ್ಲೋರೈಡ್ ಎಂದರೆ ನನಗೆ ನೆನಪಾಗುವುದು ನನ್ನ ಸೋದರತ್ತೆಯ ಕುತ್ತಿಗೆ. ಹಿಂದಿನಿಂದ ಯಾರಾದರೂ ಕರೆದರೆ ಅವರು ಕತ್ತು ಹೊರಳಿಸುತ್ತಿರಲಿಲ್ಲ. ಕೊಡವನ್ನು ಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಇಟ್ಟು, ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಐವತ್ತು ದಾಟುವ ಹೊತ್ತಿಗೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದೂ ಅವರಿಂದ ಆಗದಾಯಿತು. ಅವರ ಮಗಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು ಅಡ್ಡಡ್ಡ ಎಳೆದಂತಿದ್ದವು. ಮದುವೆಯ ಫೋಟೋಗಳಲ್ಲೂ ಅವಳು ತುಟಿ ಬಿಚ್ಚಿಲ್ಲ. ಇದೆಲ್ಲ ಊರಿನ ಕೊಳವೆಬಾವಿಯ ನೀರಿನಲ್ಲಿದ್ದ ಅತಿಯಾದ ಫ್ಲೋರೈಡಿನ ಫಲ. ಆ ನೀರಿಗೆ ಯಾವ ಸರ್ಕಾರವೂ ಏನನ್ನೂ ಬೆರೆಸಿರಲಿಲ್ಲ. ಗ್ರಾನೈಟ್ ಬಂಡೆಯೊಳಗಿನ ಫ್ಲೋರೈಡ್ ಅಂತರ್ಜಲಕ್ಕೆ ತಾನಾಗಿ ಕರಗಿ ಬರುತ್ತದೆ.

ಬೆರೆಸುವ ವಾದ ಹುಟ್ಟಿದ್ದು ಅಮೆರಿಕದಲ್ಲಿ. ಕೊಲೊರಾಡೊ ಸ್ಪ್ರಿಂಗ್ಸ್ ಊರಿನ ಮಕ್ಕಳ ಹಲ್ಲುಗಳ ಮೇಲಿನ ಕಂದು ಕಲೆಯ ಬೆನ್ನು ಹತ್ತಿದವರು ದಂತವೈದ್ಯ ಫ್ರೆಡರಿಕ್ ಮೆಕೇ. ಕಲೆಯಿದ್ದ ಹಲ್ಲುಗಳಲ್ಲಿ ಹುಳುಕು ಕಡಿಮೆ ಎಂಬುದು ಅವರ ಗಮನಕ್ಕೆ ಬಂತು. ಕಾರಣ ನೀರಿನಲ್ಲಿದ್ದ ಫ್ಲೋರೈಡ್ ಎಂಬುದು 1931ರಲ್ಲಿ ತಿಳಿಯಿತು. ಕಲೆ ಮೂಡಿಸದೆ ಹುಳುಕನ್ನಷ್ಟೇ ತಡೆಯುವ ಪ್ರಮಾಣವನ್ನು ಲೆಕ್ಕಹಾಕಿ, 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಮೊದಲ ಬಾರಿಗೆ ಅದನ್ನು ಬೆರೆಸಿದರು. ಅಲ್ಲಿ ಈಗ ಶಿಫಾರಸಾಗಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಫ್ಲೋರೈಡ್ ಪೇಸ್ಟ್ ಮನೆಮನೆಗೂ ಬಂದಿರುವಾಗ ನೀರಿಗೂ ಬೆರೆಸಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಯೂಟಾ ಮತ್ತು ಫ್ಲಾರಿಡಾ ರಾಜ್ಯಗಳು 2025ರಲ್ಲಿ ಅದನ್ನು ನಿಷೇಧಿಸಿವೆ.

ಬುದ್ಧಿ ಮಂಕಾಗುವ ಮಾತಿಗೂ ಒಂದು ಮೂಲವಿದೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರ ತನ್ನ ವರದಿಯಲ್ಲಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಮತ್ತೆಯ ಇಳಿಕೆಗೂ ನಂಟಿದೆ ಎಂದು ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಿತು, 0.7ರ ಪ್ರಮಾಣದಲ್ಲಿ ಹಾಗಾಗುತ್ತದೆಯೇ ಎಂದು ತೀರ್ಮಾನಿಸಲು ಆಧಾರ ಸಾಲದು ಎಂದೂ ಅದರಲ್ಲಿದೆ. ವಿಡಿಯೋ ಮಾಡಿದವರು ಈ ಎರಡನೆಯ ಮಾತನ್ನು ಬಿಟ್ಟಿದ್ದಾರೆ. ನನಗೆ ಹೆಚ್ಚು ನೋವಾಗುವುದು ಬೇರೆಯದೇ ವಿಷಯಕ್ಕೆ. 1.5 ಎಂಬುದು ನಮ್ಮ ಭಾರತೀಯ ಮಾನದಂಡವು ಬೇರೆ ನೀರು ಸಿಗದಿದ್ದಾಗ ಮಾತ್ರ ಒಪ್ಪುವ ಕೊನೆಯ ಮಿತಿ, ಮತ್ತು ಪಾವಗಡದಿಂದ ಹಿಡಿದು ಇದೇ ಮಹಾರಾಷ್ಟ್ರದ ಯವತಮಾಳ, ಚಂದ್ರಪುರಗಳವರೆಗೆ ಅದನ್ನು ಮೀರಿದ ಕೊಳವೆಬಾವಿಗಳಿವೆ. ಆ ವರದಿಗೆ ಬೆಚ್ಚಬೇಕಾದವರು ಈ ಊರುಗಳ ಮಕ್ಕಳ ಹೊಣೆ ಹೊತ್ತವರು.

ಭಾರತದಲ್ಲಿ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವ ಪದ್ಧತಿಯೇ ಇಲ್ಲ. ಪುಣೆಯ ನಲ್ಲಿಗೆ ಬರುವುದು ಖಡಕವಾಸ್ಲಾ ಸರಣಿಯ ಅಣೆಕಟ್ಟುಗಳ ಮಳೆನೀರು. ಅದಕ್ಕೆ ಹಾಕುವುದು ಕ್ಲೋರಿನ್, ಮತ್ತು ಹೆಸರುಗಳು ಹತ್ತಿರವಿರುವುದರಿಂದ ಹಲವರು ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ನಮ್ಮ ವಿಜ್ಞಾನಿಗಳ ಶ್ರಮ ಹೋದದ್ದು ತೆಗೆಯುವ ಕಡೆಗೆ. ಪಟಿಕ ಮತ್ತು ಸುಣ್ಣ ಹಾಕಿ ಕಲಕಿ, ಗಷ್ಟನ್ನು ತಳಕ್ಕೆ ಇಳಿಸುವ ನಲ್ಗೊಂಡ ವಿಧಾನವನ್ನು ರೂಪಿಸಿದವರು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು (ನೀರಿ).

ಗುಂಪಿನಲ್ಲಿ ಮತ್ತೆ ಮತ್ತೆ ಬಂದ ಸಲಹೆ ನೀರನ್ನು ಕುದಿಸಿ ಕುಡಿಯಿರಿ ಎಂಬುದು. ಕುದಿಸಿದರೆ ಆವಿಯಾಗುವುದು ನೀರು. ಫ್ಲೋರೈಡ್ ಪಾತ್ರೆಯಲ್ಲೇ ಉಳಿದು, ಮಿಕ್ಕ ನೀರಿನಲ್ಲಿ ಇನ್ನಷ್ಟು ಗಾಢವಾಗುತ್ತದೆ. ಪೆನ್ನಿನಂತಹ ಟಿಡಿಎಸ್ ಮೀಟರ್ ಅದ್ದಿ ನೋಡಿ ಸಮಾಧಾನಪಡುವವರಿಗೂ ಅದು ಫ್ಲೋರೈಡನ್ನು ತೋರಿಸುವುದಿಲ್ಲ, ಕರಗಿರುವ ಲವಣಗಳ ಒಟ್ಟು ಅಂದಾಜನ್ನಷ್ಟೇ ಕೊಡುತ್ತದೆ. ನೀರು ಶುದ್ಧೀಕರಿಸುವ ಯಂತ್ರದ ಯುವಿ ದೀಪ ರೋಗಾಣುಗಳಿಗೆ ಮಾತ್ರ. ಆರ್‌ಓ ಪೊರೆಯಾದರೆ ಬಹುಪಾಲು ಫ್ಲೋರೈಡನ್ನು ತಡೆಯುತ್ತದೆ. ಪೇಸ್ಟಿನ ವಿಷಯದಲ್ಲಿ ನಾನು ಆ ಹಿರಿಯರಿಗೆ ಹೇಳಿದ್ದು ಇಷ್ಟೇ: ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಹಚ್ಚಿ, ನುಂಗದೆ ಉಗುಳಲು ಕಲಿಸಿ, ಬಿಡಿಸಬೇಡಿ.

ಕಳೆದ ಭಾನುವಾರ ನಾವಿಬ್ಬರೂ ಗೇಟಿನ ಬಳಿ ನಿಂತು, ಟ್ಯಾಂಕರಿನ ಪೈಪಿನಿಂದಲೇ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಮೂರು ಸಲ ಗಲಬರಿಸಿ ತುಂಬಿಸಿಕೊಂಡೆವು. ಚಾಲಕನಿಗೆ ಬಾವಿ ಯಾವ ಊರಿನದೆಂದು ಮಾತ್ರ ಗೊತ್ತಿತ್ತು. ಅದನ್ನೂ ದಿನಾಂಕವನ್ನೂ ಬರೆದು ಬಾಟಲಿಗೆ ಅಂಟಿಸಿ ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದೇವೆ. ಮೇ ತಿಂಗಳಲ್ಲಿ ಗುತ್ತಿಗೆದಾರ ಬೇರೆ ಬಾವಿಗೆ ಹೋಗುತ್ತಾನಂತೆ. ಅದಕ್ಕಾಗಿ ಇನ್ನೊಂದು ಬಾಟಲಿಯನ್ನು ಹಿರಿಯರು ಈಗಲೇ ತೊಳೆದಿಟ್ಟಿದ್ದಾರೆ.