ಚಾ 169 ಡಿಗ್ರಿಗೆ ಏರಿದ ದಿನ

ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ನಾನು ಡಿಫರೆನ್ಶಿಯಲ್ ಈಕ್ವೇಶನ್ ಕಲಿಸುತ್ತೇನೆ. ಪಠ್ಯದ ಕನ್ನಡದಲ್ಲಿ ಅವಕಲ ಸಮೀಕರಣ: ಒಂದು ಪ್ರಮಾಣ ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದರಿಂದ ಆ ಪ್ರಮಾಣವನ್ನೇ ಕಂಡುಹಿಡಿಯುವ ಲೆಕ್ಕ. ಕೆಲವು ವರ್ಷಗಳ ಹಿಂದೆ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಪ್ರಶ್ನೆ ಹಳೆಯದೇ, ನ್ಯೂಟನ್ನನ ತಂಪಾಗುವ ನಿಯಮದ್ದು (ವಸ್ತು ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ತಣಿಯುತ್ತದೆ; ಆ ವೇಗವನ್ನು ನಿರ್ಧರಿಸುವ ಸ್ಥಿರಾಂಕ 'ಕೆ'): ಕೋಣೆಯಲ್ಲಿ 30 ಡಿಗ್ರಿ, ಲೋಟದಲ್ಲಿ 80 ಡಿಗ್ರಿಯ ಚಾ, ಹತ್ತು ನಿಮಿಷದಲ್ಲಿ ಅದು 60ಕ್ಕೆ ಇಳಿಯುತ್ತದೆ, ಇಪ್ಪತ್ತನೆಯ ನಿಮಿಷಕ್ಕೆ ಎಷ್ಟು? ಉತ್ತರ 48. ತರಗತಿಯ ಚುರುಕಿನ ಹುಡುಗಿಯೊಬ್ಬಳು ಚರಗಳನ್ನು ಬೇರ್ಪಡಿಸಿ, ಅನುಕಲನ ಮಾಡಿ, ಸ್ಥಿರಾಂಕ ಕಂಡುಹಿಡಿದು, ಕೊನೆಯಲ್ಲಿ ಘಾತದಲ್ಲಿನ ಮೈನಸ್ ಚಿಹ್ನೆಯನ್ನು ಬಿಟ್ಟು 169 ಡಿಗ್ರಿ ಎಂದು ಬರೆದಿದ್ದಳು. ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ.

ನಾನು ಐದರಲ್ಲಿ ನಾಲ್ಕು ಅಂಕ ಕೊಟ್ಟು ಪುಟ ತಿರುಗಿಸಿದೆ. ಇನ್ನೆರಡು ಪತ್ರಿಕೆ ದಾಟಿದ ಮೇಲೆ ಕೈ ನಿಂತಿತು. ಮೇಜಿನ ಮೇಲೆ ಸುಮ್ಮನೆ ಇಟ್ಟ ಚಾ ತಾನೇ ಕುದಿದು ಹೋಯಿತು ಎಂಬುದು ಅವಳಿಗೆ ವಿಚಿತ್ರ ಅನ್ನಿಸಿರಲಿಲ್ಲ, ಸರಿ. ತಿದ್ದುತ್ತಿದ್ದ ನನಗೂ ಅನ್ನಿಸಿರಲಿಲ್ಲವಲ್ಲ!

ಮರುದಿನ ಕ್ಯಾಂಟೀನಿನಿಂದ ಒಂದು ಲೋಟ ಚಾ ತರಿಸಿದೆ. ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರರಿಂದ ಥರ್ಮಾಮೀಟರ್ ಬೇಡಿ ತಂದೆ. (ಅದನ್ನು ಚಾದಲ್ಲಿ ಅದ್ದುತ್ತೇನೆಂದು ಅವರಿಗೆ ಹೇಳಿರಲಿಲ್ಲ.) ಫ್ಯಾನಿನ ಕೆಳಗೆ ಲೋಟ ಇಟ್ಟೆವು. ಶುರುವಿನಲ್ಲಿ 78, ಹತ್ತು ನಿಮಿಷಕ್ಕೆ 60. ಲೆಕ್ಕ ಹಾಕಿದ ಮಕ್ಕಳು ಇಪ್ಪತ್ತನೆಯ ನಿಮಿಷಕ್ಕೆ 49 ಎಂದರು. ಬೋರ್ಡಿನಲ್ಲಿ ದೊಡ್ಡದಾಗಿ ಬರೆದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಹಿಂದಿನ ಬೆಂಚಿನವರು ತುಳುವಿನಲ್ಲಿ ಏನೋ ಹೇಳಿ ನಕ್ಕರು. ಇಪ್ಪತ್ತನೆಯ ನಿಮಿಷಕ್ಕೆ ಥರ್ಮಾಮೀಟರ್ ತೋರಿಸಿದ್ದು 52.

ಪ್ರಯೋಗ ಕೆಟ್ಟಿತು, ನಾಳೆ ಮತ್ತೆ ಮಾಡೋಣ ಎಂದು ಲೋಟ ಎತ್ತಲು ಹೊರಟಿದ್ದೆ. ಎಂದೂ ಬಾಯಿ ಬಿಡದ ಹುಡುಗನೊಬ್ಬ ಕೇಳಿದ: "ಮೇಡಂ, ಹಾಗಾದರೆ ಆ 'ಕೆ' ಒಳಗೆ ಫ್ಯಾನ್ ಕೂಡ ಇದೆಯೇ?"

ಇದೆ. ಫ್ಯಾನ್ ಇದೆ, ಲೋಟದ ಉಕ್ಕು ಇದೆ, ಮೇಲಿನಿಂದ ಏಳುವ ಹಬೆಯೂ ಇದೆ. ಅಷ್ಟು ವರ್ಷ ಅದನ್ನು ಬರೀ 'ಸ್ಥಿರಾಂಕ' ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ತಮಾಷೆಯೆಂದರೆ, ಈ ನಿಯಮದ ಮೂಲವಾದ ಲೇಖನವನ್ನು ನ್ಯೂಟನ್ 1701ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದಾಗಲೇ, ಕಾದ ಕಬ್ಬಿಣವನ್ನು ನಿಶ್ಚಲ ಗಾಳಿಯಲ್ಲಲ್ಲ, ಒಂದೇ ಸಮ ಬೀಸುವ ಗಾಳಿಯಲ್ಲಿ ಇಟ್ಟೆನೆಂದು ಬರೆದಿದ್ದ. ಅವನ ಗಾಳಿ ನಡುವೆ ನಿಲ್ಲಲಿಲ್ಲ, ಅಷ್ಟೇ.

ಈಗ ಯಾವ ಸಮೀಕರಣ ಕೊಟ್ಟರೂ ಮೊದಲು ಪೆನ್ನು ಕೆಳಗಿಡಿಸುತ್ತೇನೆ. ಏರುತ್ತದೆಯೋ ಇಳಿಯುತ್ತದೆಯೋ, ಎಲ್ಲಿಗೆ ಹೋಗಿ ನಿಲ್ಲುತ್ತದೆ? ಜನಸಂಖ್ಯೆಗೆಂದು ಬೆಲ್ಜಿಯಂನ ಗಣಿತಜ್ಞ ವರ್ಹುಲ್ಸ್ಟ್ 1838ರಲ್ಲಿ ಕೊಟ್ಟ, ಬೆಳವಣಿಗೆಗೆ ಒಂದು ಮಿತಿಯಿಡುವ ಲಾಜಿಸ್ಟಿಕ್ ಸಮೀಕರಣವನ್ನು ಬಿಡಿಸಲು ಆಂಶಿಕ ಭಿನ್ನರಾಶಿ ಬೇಕು. ಆದರೆ ಮಿತಿಗಿಂತ ಕೆಳಗೆ ಶುರುವಾದರೆ ಏರುತ್ತದೆ, ಮೇಲೆ ಶುರುವಾದರೆ ಇಳಿಯುತ್ತದೆ ಎನ್ನಲು ಬದಲಾವಣೆಯ ವೇಗ ಪ್ಲಸ್ಸೋ ಮೈನಸ್ಸೋ ಎಂದು ನೋಡಿದರೆ ಸಾಕು. ಗ್ರಾಫ್ ಹಾಳೆಯಲ್ಲಿ ಅಲ್ಲಲ್ಲಿ ಇಳಿಜಾರಿನ ಸಣ್ಣ ಗೆರೆ ಎಳೆದರೆ ವಕ್ರರೇಖೆ ತಾನಾಗಿ ಕಾಣಿಸುತ್ತದೆ.

ಇದಕ್ಕೆ ಸಮಯ ಎಲ್ಲಿಂದ? ಬರ್ನೂಲಿ ಸಮೀಕರಣ ಎಂಬ ಒಂದು ಬಗೆಯ ಅವಕಲ ಸಮೀಕರಣಕ್ಕೆ ಮೂರು ತರಗತಿ ಕೊಡುತ್ತಿದ್ದವಳು ಒಂದಕ್ಕೆ ಇಳಿಸಿದೆ. "ಪರೀಕ್ಷೆಗೆ ಬರುತ್ತದಲ್ಲ ಮೇಡಂ" ಎಂಬ ಗೊಣಗಾಟ ನಿಂತಿಲ್ಲ. ಅದು ಸುಳ್ಳೂ ಅಲ್ಲ, ಬರುತ್ತದೆ.

ಕಳೆದ ಸೆಮಿಸ್ಟರಿನಲ್ಲಿ ಮತ್ತೆ ಚಾ ಲೆಕ್ಕ ಕೊಟ್ಟೆ, ಅಂಕಿಗಳನ್ನು ಬದಲಿಸಿ. ಒಬ್ಬ ಅದೇ ಮೈನಸ್ ಬಿಟ್ಟು 165 ಡಿಗ್ರಿ ತಂದಿದ್ದ. ಗೆರೆ ಎಳೆದಿರಲಿಲ್ಲ. ಪಕ್ಕದಲ್ಲಿ ಅವಸರದ ಅಕ್ಷರ: "ಇದು ಆಗದು, 90ರ ಒಳಗೇ ಇರಬೇಕು. ಎಲ್ಲೋ ಚಿಹ್ನೆ ತಪ್ಪಿದೆ, ಹುಡುಕಲು ಸಮಯವಿಲ್ಲ." ಅವನಿಗೂ ನಾಲ್ಕೇ ಅಂಕ ಕೊಟ್ಟೆ. ಆ ಸಾಲಿಗೆ ಮೌಲ್ಯಮಾಪನದ ಸ್ಕೀಮಿನಲ್ಲಿ ಅಂಕವಿರಲಿಲ್ಲ. ಸ್ಕೀಮ್ ಬರೆದವಳು ನಾನೇ.