ಟ್ರೆಜರಿ ಹಿಂದಿನ ಮೂಲೆ

ನಮ್ಮ ನಾಯಿ ಕೆಂಪಿಗೆ ಆಗ ಏಳು ವರ್ಷ. ಎರಡು ತಿಂಗಳ ಮರಿಯಾಗಿ ನಮ್ಮ ಮನೆಗೆ ಬಂದವಳು, ಆರು ತಿಂಗಳು ತುಂಬುವಷ್ಟರಲ್ಲಿ ಮನೆಯೊಳಗೆ ಉಚ್ಚೆ ಮಾಡುವುದನ್ನು ಪೂರ್ತಿ ಬಿಟ್ಟಿದ್ದಳು. ಹೊರಗೆ ಹೋಗಬೇಕು ಅನಿಸಿದರೆ ತಲಬಾಗಿಲ ಮುಂದೆ ನಿಂತು ಒಮ್ಮೆ ಚಿಲಕ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಬೊಗಳುತ್ತಲೂ ಇರಲಿಲ್ಲ. ಹಾಗಾಗಿ ಕಾರಹುಣ್ಣಿಮೆ ಮುಗಿದ ವಾರ ಒಂದು ಬೆಳಗ್ಗೆ ಪಡಸಾಲೆಯಲ್ಲಿ ನನ್ನ ಕಾಲಿಗೆ ತಣ್ಣಗೆ ಏನೋ ತಗುಲಿದಾಗ, ಹಂಚು ಸೋರಿದೆ ಅಂದುಕೊಂಡೆ. ತಲೆ ಎತ್ತಿ ನೋಡಿದೆ. ಮೇಲೆ ಎಲ್ಲ ಒಣಗಿಯೇ ಇತ್ತು.

ಧಾರವಾಡದ ಮಳೆ ಗೊತ್ತಲ್ವಾ. ಒಮ್ಮೆ ಹಿಡಿದರೆ ದಿನಗಟ್ಟಲೆ ಜಿಟಿಜಿಟಿ. ಕೆಂಪಿಗೆ ಮೊದಲಿನಿಂದಲೂ ಮಳೆ ಆಗುವುದಿಲ್ಲ. ಹೊರಗೆ ಹೋಗಲು ಮೈಗಳ್ಳತನ ಮಾಡುತ್ತಿದ್ದಾಳೆ ಎಂದು ನಾನೇ ತೀರ್ಮಾನ ಮಾಡಿದೆ. ಬೈದೆ. ಮರುದಿನ ಅಡುಗೆಮನೆ ಬಾಗಿಲಲ್ಲಿ. ಮೂರನೇ ದಿನ ಅತ್ತೆಯವರ ನವಲಗುಂದದ ಜಮಖಾನೆ ಮೇಲೆ.

ಆ ಜಮಖಾನೆ ಅತ್ತೆಯವರ ತವರಿನಿಂದ ಬಂದದ್ದು. ಕೆಂಪು, ಹಳದಿ ನೂಲಿನ ನವಿಲುಗಳಿವೆ. ಅದನ್ನು ತೊಳೆಯುವುದು ಸಣ್ಣ ಕೆಲಸ ಅಲ್ಲ. ನಮ್ಮ ಹೊಸಯಲ್ಲಾಪುರದ ಓಣಿಗೆ ಆಗ ಐದು ದಿನಕ್ಕೊಮ್ಮೆ ನಲ್ಲಿ ನೀರು. ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ನಮ್ಮ ತನಕ ಬಂದು ಸಿಂಟೆಕ್ಸ್ ತುಂಬಿದರೆ ಅದರಲ್ಲೇ ಎಲ್ಲ ಆಗಬೇಕು. ತೊಳೆದರೂ ಆ ಮಳೆಯಲ್ಲಿ ಜಮಖಾನೆ ಒಣಗಲು ಎಂಟು ದಿನ ಬೇಕಾಯಿತು. ಆ ಸಿಟ್ಟನ್ನೆಲ್ಲ ನಾನು ಕೆಂಪಿಯ ಮೇಲೆ ತೀರಿಸಿದೆ. ಹಸಿ ಕಂಡಲ್ಲೆಲ್ಲ ಅವಳ ಕೊರಳಪಟ್ಟಿ ಹಿಡಿದು ಎಳೆದು ತಂದು, ನೆಲಕ್ಕೆ ಬೆರಳು ಮಾಡಿ ಜೋರು ಮಾಡುತ್ತಿದ್ದೆ. ಕಿವಿ ಹಿಂದಕ್ಕೆ ಹಾಕಿ ತಲೆ ತಗ್ಗಿಸುತ್ತಿದ್ದಳು. ಅವಳಿಗೆ ತಪ್ಪು ಗೊತ್ತಾಗಿದೆ ಎಂದು ನಂಬಿದ್ದೆ.

ಎದುರುಮನೆಯವರು ಒಂದು ಉಪಾಯ ಹೇಳಿದರು. "ಸಂಜಿ ಆದಮ್ಯಾಲೆ ನೀರ ಇಡಬ್ಯಾಡ್ರಿ, ತಾನ ನಿಲ್ತೈತಿ." ಎರಡು ರಾತ್ರಿ ಅವಳ ನೀರಿನ ಬೋಗುಣಿ ಎತ್ತಿಟ್ಟೆ. ಖಾಲಿ ಜಾಗವನ್ನು ಮೂಸಿ ಅಲ್ಲೇ ಮಲಗುತ್ತಿದ್ದಳು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಒಂಬತ್ತನೇ ದಿನ ಒರೆಸುವ ಅರಿವೆ ಹಿಡಿದು ಮತ್ತೆ ಬೈಯುತ್ತಿದ್ದೆ. ಅತ್ತೆ ದೇವರಮನೆಯಿಂದ ಹೊರಗೆ ಬಂದರು. ನಾಯಿಯನ್ನು ಹಿತ್ತಲಲ್ಲಿ ಕಟ್ಟು ಅಂತಾರೆ ಎಂದುಕೊಂಡೆ.

"ಅಕಿನ್ನ ಬೈಬ್ಯಾಡ ತಂಗಿ. ಮುಂಜಾನೆ ಬಯಲಾಗ ನಾ ನೋಡೇನಿ, ಐದ್ ಸಲ ಕುಂತ್ಳು, ನಾಕ್ ಹನಿ ಬೀಳಲಿಲ್ಲ. ಹ್ವಾದ ವರ್ಷ ನನಗ ಉರಿಮೂತ್ರ ಆಗಿತ್ತಲ್ಲ, ಹಿಂಗ ಆಗತಿತ್ತು. ಬಚ್ಚಲಕ್ಕ ಹೋಗೂದ್ರಾಗ ಸೀರಿ ತೊಯ್ತಿತ್ತು. ನಿನಗ ಹೇಳಾಕ ನಾಚಿಕಿ ಆಗಿ ಸುಮ್ಮಿದ್ದೆ."

ನನಗೆ ಮಾತು ಹೊರಡಲಿಲ್ಲ. ಒಂದೇ ಮನೆಯಲ್ಲಿದ್ದು, ಅವರು ರಾತ್ರಿ ಹೊತ್ತು ಸೀರೆ ಒಗೆದು ಹಾಕಿದ್ದು ನನಗೆ ಗೊತ್ತಾಗಿರಲಿಲ್ಲ. ಕೆಂಪಿ ದಿನಕ್ಕೆ ಹತ್ತು ಸಲ ಕೂರುವುದು, ಹಿಂದೆ ನೆಕ್ಕಿಕೊಳ್ಳುವುದು ಕಣ್ಣಿಗೆ ಬಿದ್ದಿತ್ತು, ಆದರೆ ಯಾಕೆ ಎಂದು ಯೋಚಿಸಿರಲಿಲ್ಲ.

ದನದ ದವಾಖಾನೆಯ ಡಾಕ್ಟರು ಅವಳನ್ನು ಮುಟ್ಟುವ ಮೊದಲು ನನ್ನನ್ನೇ ಕೇಳಿದರು. ಮಲಗಿ ಎದ್ದ ಜಾಗ ಹಸಿ ಇರುತ್ತದಾ, ಇಲ್ಲ ಎಚ್ಚರಿದ್ದಾಗ ಕೂತು ಮಾಡುತ್ತಾಳಾ? ಸಂತಾನಹರಣ ಆಪರೇಷನ್ ಆದ ಕೆಲವು ಹೆಣ್ಣುನಾಯಿಗಳಿಗೆ ವರ್ಷಗಳ ಮೇಲೆ ಮೂತ್ರದ ಬಿಗಿತ ಸಡಿಲಾಗುತ್ತದೆ, ನಿದ್ದೆಯಲ್ಲಿ ಗೊತ್ತಿಲ್ಲದೆ ಸೋರುತ್ತದೆ. ಕೆಂಪಿಗೂ ಆಪರೇಷನ್ ಆಗಿದೆ. ಆದರೆ ಅವಳು ಮಲಗುವ ಕೌದಿ ಒಂದು ದಿನವೂ ತೊಯ್ದಿರಲಿಲ್ಲ. ಎರಡನೆಯದು, ದಿನಕ್ಕೆ ಎಷ್ಟು ನೀರು ಕುಡಿಯುತ್ತಾಳೆ? ನನಗೆ ಗೊತ್ತಿರಲಿಲ್ಲ. "ಅಳದು ನೋಡ್ರಿ ಅಕ್ಕಾರ" ಅಂದರು. ಕೆಂಪಿಯ ತೂಕ 14 ಕೆಜಿ. ಕಿಲೋಗೆ ಐವತ್ತು ಅರವತ್ತು ಎಂಎಲ್ ಲೆಕ್ಕದಲ್ಲಿ ಮುಕ್ಕಾಲು ಲೀಟರ್ ಆಸುಪಾಸು ಕುಡಿದರೆ ಸರಿ. ಒಂದು ದಿನಕ್ಕೆ 1,400 ಎಂಎಲ್ ದಾಟಿದರೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎಲ್ಲ ನೋಡಬೇಕಾಗುತ್ತದೆ. ಅಳೆದಾಗ 900ರ ಹತ್ತಿರ ಬಂತು. ಬೋಗುಣಿ ಎತ್ತಿಟ್ಟಿದ್ದನ್ನೂ ಅವರಿಗೆ ಹೇಳಿದೆ. "ಹಂಗ ಮಾಡಬ್ಯಾಡ್ರಿ, ನೀರು ಹರದ್ರನ ಒಳಗಿಂದು ತೊಳಕೊಂಡು ಹೋಗತೈತಿ" ಅಂದರು.

ಬೆಳಗಿನ ಮೊದಲ ಉಚ್ಚೆ ತರಲು ಹೇಳಿದ್ದರು, ಅದೂ ಶುರುವಿನದ್ದು ಬಿಟ್ಟು ನಡುವಿನದ್ದು. ಕೆಂಪಿ ಕೂತರೆ ನೆಲಕ್ಕೂ ಅವಳಿಗೂ ನಡುವೆ ನಾಲ್ಕು ಬೆರಳು ಜಾಗ. ಅತ್ತೆ ಹಳೆಯ ಸ್ಟೀಲ್ ಸೌಟು ಕುದಿಸಿ ಕೊಟ್ಟರು. ಐದೂವರೆಗೆ, ಬಗಲಲ್ಲಿ ಛತ್ರಿ, ಕೈಯಲ್ಲಿ ಸೌಟು, ಬಯಲಿನ ಕೆಸರಲ್ಲಿ ನಾನು. ನಾನು ಬಗ್ಗಿದರೆ ಅವಳು ಎದ್ದು ಮುಂದೆ ಹೋಗುತ್ತಿದ್ದಳು. ಒಂಬತ್ತು ದಿನ ಬೈಸಿಕೊಂಡಿದ್ದಾಳೆ, ಉಚ್ಚೆಗೆ ಕೂತಾಗ ನಾನು ಹತ್ತಿರ ಬಂದರೆ ಅವಳಿಗೆ ಭಯ. ಕೊನೆಗೆ ಛತ್ರಿ ಮಡಿಸಿ, ಅವಳ ಕಡೆ ನೋಡದೆ, ಮಳೆಯಲ್ಲಿ ಸುಮ್ನೆ ನಿಂತೆ. ಸುಮಾರು ಹೊತ್ತಾದ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಎರಡು ಚಮಚದಷ್ಟು ಸಿಕ್ಕಿತು. ಸ್ವಲ್ಪ ಕೆಂಪಾಗಿತ್ತು.

ಉಚ್ಚೆಯಲ್ಲಿ ರಕ್ತ, ಕೀವುಕಣ ಎರಡೂ ಇದ್ದವು. ಕಲ್ಲು ಇದೆಯಾ ನೋಡಲು ಆಟೋ ಮಾಡಿಕೊಂಡು ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಕಲ್ಲಿರಲಿಲ್ಲ. ಯಾವ ಕ್ರಿಮಿ ಎಂದು ಬೆಳೆಸಿ ನೋಡುವ ಕಲ್ಚರ್ ಟೆಸ್ಟಿಗೆ ಮಾತ್ರ ಅಲ್ಲೇ ಹೊಟ್ಟೆಯ ಮೇಲಿಂದ ಸಣ್ಣ ಸೂಜಿ ಹಾಕಿ ಉಚ್ಚೆ ತೆಗೆದರು. ಸೌಟಿನಲ್ಲಿ ಹಿಡಿದದ್ದಕ್ಕೆ ಹೊರಗಿನ ಕ್ರಿಮಿ ಸೇರಿರುವ ಸಾಧ್ಯತೆ ಜಾಸ್ತಿ. ಸಿಕ್ಕಿದ್ದು ಇ. ಕೋಲಿ ಅನ್ನುವ ಕ್ರಿಮಿ. ಹೆಣ್ಣುನಾಯಿಗಳ ಮೂತ್ರನಾಳ ಗಿಡ್ಡ, ಕ್ರಿಮಿ ಬೇಗ ಮೇಲೇರುತ್ತದೆ. ಆ ಕ್ರಿಮಿಗೆ ಯಾವ ಔಷಧಿ ನಾಟುತ್ತದೆ ಎಂದು ನೋಡಿ ಏಳು ದಿನದ ಮಾತ್ರೆ ಬರೆದರು. ಮೂರನೇ ದಿನಕ್ಕೇ ಗೆಲುವಾದಳು. ಆದರೂ ಪೂರ್ತಿ ಏಳು ದಿನ ಕೊಟ್ಟೆ. ಮತ್ತೆ ಟೆಸ್ಟ್ ಮಾಡಿಸಿದಾಗ ಎಲ್ಲ ಸ್ವಚ್ಛ ಇತ್ತು.

ಆದರೆ ವಾರ ಕಳೆಯುವುದರೊಳಗೆ ಟ್ರೆಜರಿ, ಅಂದರೆ ನಮ್ಮ ಕಪಾಟಿನ ಹಿಂದೆ ಮತ್ತೆ ಉಚ್ಚೆ ಕಂಡಿತು. ನಾನು ಅಳುವುದೊಂದು ಬಾಕಿ.

ಬೇರೆ ಎಲ್ಲೂ ಇಲ್ಲ, ಅಲ್ಲೊಂದೇ ಕಡೆ. ಆ ಮೂಲೆ ಪಡಸಾಲೆಯಿಂದ ಕಾಣುವುದಿಲ್ಲ. ಡಾಕ್ಟರ ಹತ್ತಿರ ಮಾತಾಡಿದ ಮೇಲೆ ಅರ್ಥವಾಯಿತು, ಆ ಮೂಲೆಯನ್ನು ಅವಳಿಗೆ ಕಲಿಸಿದ್ದು ನಾನೇ. ಗಂಟೆ ಕಳೆದು ಬೈದರೆ ನಾಯಿಗೆ ಯಾಕೆ ಎಂದು ತಿಳಿಯುವುದಿಲ್ಲ. ಅವಳು ತಲೆ ತಗ್ಗಿಸಿದ್ದು ತಪ್ಪು ಒಪ್ಪಿಕೊಂಡಲ್ಲ, ನನ್ನ ದನಿಗೆ ಹೆದರಿ. ನನ್ನ ಕಣ್ಣೆದುರು ಉಚ್ಚೆ ಮಾಡಿದರೆ ಅಪಾಯ ಅನ್ನುವುದೊಂದನ್ನೇ ಅವಳು ಕಲಿತದ್ದು. ಅದಕ್ಕೇ ಬಾಗಿಲಿಗೆ ಬಂದು ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು.

ಇನ್ನೊಂದು, ವಾಸನೆ. ನಮ್ಮದು ಶಹಾಬಾದಿ ಫರಸಿ, ಸಂದಿ ಸಂದಿಗೆ ಉಚ್ಚೆ ಇಳಿದಿತ್ತು. ನಾನು ಫಿನಾಯಿಲ್ ಸುರಿದು ನನ್ನ ಮೂಗಿಗೆ ವಾಸನೆ ಮುಚ್ಚಿದ್ದೆ, ಅವಳ ಮೂಗಿಗಲ್ಲ. ವಿನೆಗರ್ ಹಾಕು ಎಂದು ಯಾರೋ ಹೇಳಿದರು. ಶಹಾಬಾದಿ ಸುಣ್ಣದ ಕಲ್ಲು, ಹುಳಿ ಬಿದ್ದರೆ ಬೆಳ್ಳಗೆ ತಿಂದು ಹಾಕುತ್ತದೆ, ಅದನ್ನು ಮಾಡಲಿಲ್ಲ. ವಾಸನೆಯ ಮೂಲವನ್ನೇ ಒಡೆದುಹಾಕುವ ಎಂಜೈಮ್ ಇರುವ ದ್ರವ ತರಿಸಿದೆ. ಮೊದಲು ಬರೀ ನೀರಲ್ಲಿ ಫಿನಾಯಿಲೆಲ್ಲ ತೊಳೆದು, ಟ್ರೆಜರಿ ಸರಿಸಿ, ಆ ದ್ರವವನ್ನು ಸಂದಿಗೆ ಇಳಿಯುವಷ್ಟು ಹಾಕಿ ಕಾಲು ಗಂಟೆ ಹಸಿಯಾಗಿಯೇ ಬಿಟ್ಟೆ. ಮೂರು ದಿನ ಹೀಗೆ ಮಾಡಿದೆ. ಆಮೇಲೆ ಅವಳ ಊಟದ ತಾಟನ್ನು ಅದೇ ಮೂಲೆಯಲ್ಲಿ ಇಟ್ಟೆ. ಉಣ್ಣುವ ಜಾಗದಲ್ಲಿ ನಾಯಿ ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ.

ಮತ್ತೆ ಮರಿಗೆ ಕಲಿಸಿದಂತೆ ಶುರು ಮಾಡಿದೆವು. ಎದ್ದ ಕೂಡಲೇ, ಉಂಡ ಕೂಡಲೇ, ನಡುವೆ ಮೂರು ತಾಸಿಗೊಮ್ಮೆ ಹೊರಗೆ. ಮುಗಿಸಿದ ಕ್ಷಣಕ್ಕೆ ಅಲ್ಲೇ ಬಯಲಲ್ಲೇ ಒಂದು ಚೂರು ಚಪಾತಿ. ಮನೆಗೆ ಬಂದು ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಸಿಕ್ಕಂತೆ ಆಗುತ್ತದೆ. ನಾನು ಕೆಲಸಕ್ಕೆ ಹೋದಾಗ ಅತ್ತೆ ಕರೆದುಕೊಂಡು ಹೋಗುತ್ತಿದ್ದರು. ಮೊಣಕಾಲು ನೋವಿದ್ದರೂ ಒಂದು ಸರದಿಯನ್ನೂ ತಪ್ಪಿಸಲಿಲ್ಲ.

ಪಂಚಮಿಗೆ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಜಮಖಾನೆ ಮತ್ತೆ ಪಡಸಾಲೆಯಲ್ಲಿ ಹಾಸಿತ್ತು. ಮಕ್ಕಳು ಅದರ ಮೇಲೆ ಮಲಗಿದ್ದವು. ನಸುಕಿನಲ್ಲಿ ಉಂಡಿಗೆ ಬೆಲ್ಲ ಕುಟ್ಟುತ್ತಿದ್ದೆ. ತಲಬಾಗಿಲ ಕಡೆ ಉಗುರಿನ ಸಪ್ಪಳ ಕೇಳಿ ಇಣುಕಿದೆ. ಕೆಂಪಿ ಚಿಲಕ ನೋಡುತ್ತಿದ್ದಳು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು. ನಾನು ಏಳುವುದರೊಳಗೆ ಅತ್ತೆ ತಲೆಗೆ ಸೆರಗು ಹೊದ್ದು ಚಿಲಕ ತೆಗೆದಿದ್ದರು. ಹೊರಗೆ ಹನಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬಯಲಿನ ಕಡೆಯಿಂದ ಅವರ ದನಿ ಕೇಳಿಸಿತು.

"ಆತೇನು? ಶಾಣ್ಯಾ ಇದ್ದಿ ನನ್ನವ್ವ. ತಗೋ ತಿನ್ನು."