ಜಪಾನಿಗೆ ಹೋಗ್ತಿಲ್ಲ, ಆದರೂ ಕಲಿಯುತ್ತಿದ್ದೇನೆ

"ಈ ವಯಸ್ಸಲ್ಲಿ ಜಪಾನಿ ಭಾಷೆ ಕಲಿತು ಏನ್ಮಾಡ್ತೀರಿ?"

ಮೂರು ವರ್ಷದಿಂದ ಇದೇ ಪ್ರಶ್ನೆ. ಪುಣೆಯ ಕೊತ್ರೂಡಿನಲ್ಲಿರುವ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ, ತರಕಾರಿ ಗಾಡಿಯ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಜಪಾನಿಗೆ ಹೋಗುತ್ತಿಲ್ಲ. ಮಗ ಅಲ್ಲಿಲ್ಲ, ಹಿಂಜವಡಿಯಲ್ಲಿದ್ದಾನೆ. ಚಾಕಣ್ ಕಡೆಯ ಜಪಾನಿ ಕಂಪನಿಗಳಲ್ಲಿ ಕೆಲಸ ಬೇಕು ಅಂತ ನಾನು ಯಾರನ್ನೂ ಕೇಳಿಲ್ಲ. ಟೈಮ್ ಪಾಸ್ ಅಂತೂ ಅಲ್ಲವೇ ಅಲ್ಲ. ವಾರಕ್ಕೆ ಎರಡು ದಿನ ಕ್ಲಾಸು, ದಿನಾ ಒಂದು ಗಂಟೆ ಚೌಕದ ನೋಟ್‌ಬುಕ್ಕಿನಲ್ಲಿ ಅಕ್ಷರ ತಿದ್ದುವುದು. ಟೈಮ್ ಪಾಸಿಗೆ ಯಾರೂ ಇಷ್ಟು ಕಷ್ಟಪಡುವುದಿಲ್ಲ.

ನನಗೆ ಚುಚ್ಚುವುದು "ಈ ವಯಸ್ಸಲ್ಲಿ" ಅನ್ನುವ ಮಾತು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗನಿಗೆ 23. ಅವನಿಗೂ ಅದೇ ಪಾಠ, ಅದೇ ಪರೀಕ್ಷೆ. ಅವನನ್ನು ಯಾರೂ ಹೀಗೆ ಕೇಳುವುದಿಲ್ಲ. ನನಗೆ 61. ಕಲಿಯಲು ಯಾರ ಒಪ್ಪಿಗೆ ಬೇಕು?

ಹೋದ ವರ್ಷ ಸಿಂಹಗಡ ರಸ್ತೆಯಲ್ಲಿ ನಮ್ಮ ನಾದಿನಿಯ ಮನೆ ಗೃಹಪ್ರವೇಶ ಇತ್ತು. ಧಾರವಾಡದಿಂದ, ಸೊಲ್ಲಾಪುರದಿಂದ ಎಲ್ಲರೂ ಬಂದಿದ್ದರು. ಊಟದ ನಡುವೆ ನಾದಿನಿ ಕೇಳಿದಳು, "ವೈನಿ, ಅದನ್ನ ಕಲತು ಯಾರ ಜೋಡಿ ಮಾತಾಡವ್ರು ನೀವು?" ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನು ಗಡಿಬಿಡಿಯಲ್ಲಿ, "ಮೆದುಳಿಗೆ ಛಲೋ ಅಂತ" ಅಂದೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಬಡಿಸಿಕೊಳ್ಳುತ್ತಲೇ ಹೇಳಿದರು, "ಹಂಗಾರ ಸುಡೊಕು ಮಾಡ್ರಿ, ಫೀ ಉಳೀತದ."

ಆವತ್ತು ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಅವರ ಮೇಲಲ್ಲ. ನನ್ನದಲ್ಲದ ಉತ್ತರ ಕೊಟ್ಟು ಬಂದೆನಲ್ಲ ಅಂತ.

ಆ ಉತ್ತರ ಸುಳ್ಳೇನಲ್ಲ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು ಮರೆವಿನ ಕಾಯಿಲೆಯ 648 ಜನರನ್ನು ನೋಡಿ 2013ರಲ್ಲಿ ಬರೆದರು. ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಆ ವ್ಯತ್ಯಾಸ ಕಂಡಿತ್ತು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ: ಎರಡಕ್ಕಿಂತ ಜಾಸ್ತಿ ಭಾಷೆ ಬಂದರೆ ಜಾಸ್ತಿ ಲಾಭ ಕಾಣಲಿಲ್ಲ. ಬೇರೆ ಕಡೆ ನಡೆದ ಅಧ್ಯಯನಗಳೆಲ್ಲ ಇದನ್ನು ಒಪ್ಪಿಯೂ ಇಲ್ಲ. ನಾನು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುತ್ತಾ 36 ವರ್ಷ ಆಯಿತು. ನಮ್ಮ ಬೀದಿಯ ಹೂವಿನ ಅಜ್ಜಿ ಅಕ್ಕಲಕೋಟೆಯವರು. ಅವರದೂ ಹಾಗೇ, ಜೊತೆಗೆ ಹಿಂದಿ ಬೇರೆ. ಮೆದುಳಿನ ಲೆಕ್ಕಕ್ಕೆ ನಮ್ಮಿಬ್ಬರಿಗೂ ಜಪಾನಿ ಬೇಕಾಗಿರಲಿಲ್ಲ.

ಹಾಗಾದರೆ ಯಾಕೆ? ಇದಕ್ಕಿಂತ "ಜಪಾನಿ ಕಲಿತ ಮೇಲೆ ನಿಮ್ಮ ಕನ್ನಡಕ್ಕೆ ಏನಾಯ್ತು?" ಅಂತ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು! ಅದನ್ನು ಒಬ್ಬರೂ ಕೇಳಿಲ್ಲ.

ಮೊದಲ ವಾರ ಟೀಚರ್ ಬೋರ್ಡಿನ ಮೇಲೆ ಅಕ್ಷರಗಳ ಸಾಲು ಬರೆದರು. ಆ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಈಗಿನ ಹ ಒಂದು ಕಾಲಕ್ಕೆ ಪ ಆಗಿತ್ತು ಅಂತ ಟೀಚರ್ ಹೇಳಿದರು. ಸ ಇರುವಲ್ಲಿ ಚ ಇಟ್ಟು, ಹ ಇರುವಲ್ಲಿ ಪ ಇಟ್ಟು ಓದಿದೆ. ಕ, ಚ, ತ, ನ, ಪ, ಮ, ಯ, ರ, ವ. ನಮ್ಮ ವರ್ಣಮಾಲೆ! ಸಂಸ್ಕೃತದ ಅಕ್ಷರಗಳನ್ನು ಕಲಿತ ಬೌದ್ಧ ಭಿಕ್ಷುಗಳಿಂದ ಈ ಕ್ರಮ ಅಲ್ಲಿಗೆ ಹೋಯಿತಂತೆ. ಒಂದನೇ ಕ್ಲಾಸಿನಲ್ಲಿ ರಾಗ ಎಳೆದು ಹೇಳಿದ್ದು ಅಷ್ಟು ದೂರದಲ್ಲೂ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಎರಡನೇ ವರ್ಷ "ತಾಬೆತೆ ಮಿತೆ ಕುದಾಸಾಯ್" ಅನ್ನುವ ವಾಕ್ಯ ಬಂತು. ತಾಬೆತೆ ಅಂದರೆ ತಿಂದು. ಮಿತೆ ಬಂದದ್ದು ನೋಡು ಅನ್ನುವ ಕ್ರಿಯಾಪದದಿಂದ. ಟೀಚರ್ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ತಡವರಿಸಿದರು. ತಿನ್ನುವುದಕ್ಕೂ ನೋಡುವುದಕ್ಕೂ ಅಲ್ಲಿ ಸಂಬಂಧ ಎಲ್ಲಿಂದ ತರುವುದು? ಹಿಂದಿನ ಬೆಂಚಿನಿಂದ ಒಬ್ಬಳು ಮರಾಠಿಯಲ್ಲಿ "ಖಾವೂನ್ ಬಘಾ" ಅಂದಳು. ತಮಿಳು ಹುಡುಗ "ಸಾಪ್ಪಿಟ್ಟು ಪಾರುಂಗ" ಅಂದ. ನಾನು ಎದ್ದೇ ನಿಂತುಬಿಟ್ಟಿದ್ದೆ. "ತಿಂದು ನೋಡಿ!"

ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು. ಹಾಕಿ ನೋಡು, ಕೇಳಿ ನೋಡು, ಮಾಡಿ ನೋಡು. ಇಲ್ಲಿ ನೋಡುವುದು ಕಣ್ಣಿಂದಲ್ಲ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ನನ್ನ ಭಾಷೆಯಲ್ಲಿ ಹೀಗೊಂದು ಅಚ್ಚರಿ ಇದೆ ಅಂತ ತೋರಿಸಲು ಬೇರೆ ಭಾಷೆ ಬರಬೇಕಾಯಿತು.

ಜಪಾನಿ ನಮ್ಮ ಕಡೆಯಿಂದಲೇ ಹುಟ್ಟಿತಾ ಅಂತ ಕೆಲವರು ಉತ್ಸಾಹದಿಂದ ಕೇಳುತ್ತಾರೆ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟು ಇದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾತಜ್ಞರು ಅದನ್ನು ಒಪ್ಪಿಲ್ಲ. ನಂಟು ಇರಲೇಬೇಕು ಅಂತ ನನಗೂ ಇಲ್ಲ. ಕನ್ನಡಕ್ಕೂ ಮರಾಠಿಗೂ ಮೂಲ ಬೇರೆ, ಆದರೂ ಎರಡರಲ್ಲೂ ತಿಂದೇ ನೋಡುತ್ತೇವೆ, ಅಲ್ವಾ?

ಅದಾದ ಮೇಲೆ "ಒಕು" ಬಂತು. ಒಕು ಅಂದರೆ ಇಡು. ಮಾಡಿ ಇಡು, ತಂದು ಇಡು. ಮುಂದೆ ಬೇಕಾಗುತ್ತದೆ ಅಂತ ಈಗಲೇ ಮಾಡಿಡುವ ಕೆಲಸಕ್ಕೆ ಈ ರೂಪ ಅಂತ ಟೀಚರ್ ಹೇಳಿದರು. ಇದನ್ನು ಬಳಸಿ ಐದು ವಾಕ್ಯ ಬರೆದುಕೊಂಡು ಬನ್ನಿ ಅಂದರು.

ರಾತ್ರಿ ನೋಟ್‌ಬುಕ್ ತೆಗೆದು ಕೂತೆ. ಟಿಕೆಟ್ ಕೊಂಡು ಇಡುವುದು, ಮೀಟಿಂಗಿಗೆ ಕಾಗದ ತಯಾರಿಸಿ ಇಡುವುದು, ಹೀಗೆ ನಾಲ್ಕು ಬರೆದೆ. ಐದನೆಯದಕ್ಕೆ ಅವ್ವನ ದನಿ ಕೇಳಿದ ಹಾಗಾಯಿತು. ಸಂಜೆ ಶಾಲೆಯಿಂದ ಬಂದು ಪಾಟಿಚೀಲ ಎಸೆದರೆ ಒಳಗಿನಿಂದ ಅವ್ವ ಹೇಳುತ್ತಿದ್ದಳು, "ರೊಟ್ಟಿ ಬಡದ ಇಟ್ಟೇನಿ, ಪಲ್ಯ ಮುಚ್ಚಿ ಇಟ್ಟೇನಿ, ಕೈಕಾಲ ತೊಳಕೊಂಡ ಬಾ." ಬಡದೇನಿ ಅಂತ ಹೇಳಲಿಲ್ಲ. ದಿನಾ ಬಡದ *ಇಟ್ಟೇನಿ* ಅಂದಳು. ಅವ್ವ ಹೋಗಿ ಒಂಬತ್ತು ವರ್ಷ. ಆ "ಇಟ್ಟೇನಿ"ಯೊಳಗೆ ಏನಿತ್ತು ಅಂತ ನನಗೆ ತಿಳಿದದ್ದು ಆವತ್ತು ರಾತ್ರಿ.

ಐದನೇ ವಾಕ್ಯ ಬರೆದೆ. "ಹಾಹಾ ವಾ ರೊಟ್ಟಿ ಓ ಯಾಯಿತೆ ಒಕಿಮಾಶಿತಾ." ಅವ್ವ ರೊಟ್ಟಿಯನ್ನು ಸುಟ್ಟು ಇಟ್ಟಳು. ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಾಗಲಿಲ್ಲ.

ಟೀಚರ್ ಓದಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಆಮೇಲೆ ತಲೆ ಎತ್ತಿ, "ಕೋಣಾಸಾಠಿ?" ಅಂದರು. ಯಾರಿಗೋಸ್ಕರ ಅಂತ ವಾಕ್ಯದಲ್ಲಿ ಇರಲಿಲ್ಲ.

ನನಗೆ, ಅಂದೆ.